ಬಲ ಹೆಗಲಿನ ಹುಣ್ಣು

ಟ್ರೌಗಾಟ್ ಕ್ಲೆಮ್ ತಾನೇ ಕಟ್ಟಿದ ಕೊಯ್ಲಿನ ಬಂಡಿಯ ಮುಂದೆ ಬೋರಲು ಬಿದ್ದಿದ್ದ. ಬಂಡಿಯ ತೆನೆ ಹಿಡಿಯುವ ಕಬ್ಬಿಣದ ಬಾಚಣಿಗೆ ಅವನ ತಲೆಯ ಹಿಂಭಾಗಕ್ಕೆ ಒತ್ತಿ ಕೂತಿತ್ತು. ಅರ್ಧ ಹೊಲ ಕೊಯ್ಲಾಗಿತ್ತು. ಉಳಿದರ್ಧ ಗೋಧಿ ಬಡಗಣ ಬಿಸಿಗಾಳಿಗೆ ಸರಸರ ಅನ್ನುತ್ತಿತ್ತು, ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ.

"ಯಾರೂ ಮುಟ್ಬೇಡ್ರಿ!" ಅಂದ ಹನ್ರಹಾನ್. ಅಡಿಲೇಡ್ ಸೀಮೆಯ ಬಿಟರ್‌ವೆಲ್ ಊರಿಗೆಲ್ಲ ಇದ್ದ ಒಬ್ಬನೇ ಕುದುರೆ ಪೊಲೀಸ್ ಅವನು. ಅವನು ಹಾಗನ್ನುವ ಹೊತ್ತಿಗೆ ಹನ್ನೆರಡು ಜನ ಮುಟ್ಟಿಯಾಗಿತ್ತು.

ಮೊದಲು ನೋಡಿದವನು ಪಕ್ಕದ ಹೊಲದ ಜೇಬೆಸ್ ನಾಂಕಿವೆಲ್. ಬರಿಮೈ ಕುದುರೆ ಹತ್ತಿ ಊರಿಗೆ ಓಡಿ ಬಂದು ಸುದ್ದಿ ಹೇಳಿದವನೂ ಅವನೇ. ದೊಡ್ಡ ಆಳು. ಈಗ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

"ಎಷ್ಟೊತ್ತಿಗೆ ನೋಡ್ದೆ?"

"ಒಂದೂವರೆ ಇರ್ಬಹುದು. ಊಟ ಮುಗಿಸಿ ಕುದುರೆ ಹೂಡ್ತಾ ಇದ್ದೆ. ಈ ಕಡೆ ಕುದುರೆ ಕಿರುಚಿದ್ದು ಕೇಳ್ತು. ಬೇಲಿ ಹಾರಿ ಬಂದೆ. ಬಾಚಣಿಗೆಗೆ ಕಡ್ಡಿ ಸಿಕ್ಕಿರ್ಬೇಕು, ತೆಗೆಯೋಕೆ ಮುಂದೆ ಬಗ್ಗಿದಾನೆ. ಅದೇ ಹೊತ್ತಿಗೆ ಎಳೆಪಟ್ಟಿ ಹರಿದು ಕುದುರೆ ಕಾಲಿಗೆ ಬಡಿದಿದೆ. ಬೆದರಿ ಮುಂದಕ್ಕೆ ನುಗ್ಗಿದಾವೆ. ಅಷ್ಟೇ ಸಾರ್."

ಹನ್ರಹಾನ್ ಕೂಳೆಯ ಮೇಲೆ ಬಿದ್ದಿದ್ದ ತೊಗಲಿನ ಪಟ್ಟಿ ಎತ್ತಿದ. ಕುದುರೆಯ ಕೊರಳಿನಿಂದ ಬಂಡಿಗೆ ಹೋಗುವ ಪಟ್ಟಿ ಅದು. ಹೊಲಿಗೆ ಬಿಟ್ಟುಕೊಂಡು ಎರಡು ತುಂಡಾಗಿತ್ತು.

"ಇದನ್ನ ಹೊಲಿದೋರು ಯಾರು?"

ಎಲ್ಲರೂ ಒಂದೇ ಕಡೆ ತಿರುಗಿದರು.

"ನಾನು," ಅಂದಳು ಲವ್‌ಡೇ ಟ್ರೆಂಬಾತ್.

ಐವತ್ತೆರಡರ ಹೆಂಗಸು. ಗಂಡ ಸತ್ತು ಹನ್ನೊಂದು ವರ್ಷ. ಅವನ ದಬ್ಬಳ, ಅವನ ಅಂಗಡಿ ಅವಳಿಗೆ ಬಂದಿದ್ದವು. ಸುತ್ತಲಿನ ಇಪ್ಪತ್ತು ಮೈಲಿಯಲ್ಲಿ ಕುದುರೆಯ ಮೈಮೇಲೆ ಇರುವ ತೊಗಲೆಲ್ಲ ಅವಳ ಕೈಯದೇ. ಜೇಬೆಸ್ ಅವಳ ಒಡಹುಟ್ಟಿದ ತಮ್ಮ. ಸತ್ತವನ ಹೆಂಡತಿ ಒಟಿಲಿ ಅವಳ ಗೆಳತಿ. ಅದಕ್ಕೇ ಪೊಲೀಸಿನ ಗಾಡಿ ಹತ್ತಿ ಬಂದಿದ್ದಳು.

ಪಟ್ಟಿಯ ಕಡೆ ಒಂದು ಸಲ ನೋಡಿದಳು. ತನ್ನದೇ ಹೊಲಿಗೆ. ತನ್ನ ಕೈಬರಹ ತನಗೆ ಗೊತ್ತಾಗದೆ ಇರುತ್ತದೆಯೇ?

ಮಾಡಲು ಬೇರೆ ಏನೂ ತೋಚಲಿಲ್ಲ. ಮೂರು ಕುದುರೆಗಳೂ ನಡುಗುತ್ತಾ ನಿಂತಿದ್ದವು. ಒಂದೊಂದರ ಕೊರಳಮೆತ್ತೆ ಎತ್ತಿ, ಬೆವರು ಒರೆಸಿ, ಕೈಯಾಡಿಸಿ ಸಮಾಧಾನ ಮಾಡಿದಳು. ನುಣುಪಾದ ಕೂದಲು, ನುಣುಪಾದ ಹೆಗಲು. ಅಂಗೈಗೆ ಏನೋ ತಿಳಿಯಿತು. ತಲೆಗೆ ತಿಳಿಯಲಿಲ್ಲ.

"ಅಕ್ಕಾ, ಮನೆಗೆ ಹೋಗು," ಅಂದ ಜೇಬೆಸ್ ಮೆಲ್ಲಗೆ. "ನಿನ್ನ ಯಾರೂ ಏನೂ ಅನ್ನಲ್ಲ."

* * *

ಎಲ್ಲರೂ ಅಂದರು.

ವಿಚಾರಣೆ ನಡೆದದ್ದು ಊರಿನ ಓದುಮನೆಯಲ್ಲಿ. ಪೀಠದಲ್ಲಿ ಕೂತವನು ದಿನಸಿ ಅಂಗಡಿಯ ಟ್ವಿಗ್ಡೆನ್. ಸರ್ಕಾರ ಅವನಿಗೆ ಆ ಅಧಿಕಾರ ಕೊಟ್ಟಿತ್ತು, ಅವನ ಹೆಂಡತಿ ಅವನಿಗೆ ಕರಿ ಕೋಟು ಹೊಲಿಸಿ ಕೊಟ್ಟಿದ್ದಳು. ಡಾಕ್ಟರು ನಲವತ್ತು ಮೈಲಿ ಆಚೆ. ಡಿಸೆಂಬರ್, ಆ ದೇಶದ ಕಡು ಬೇಸಿಗೆ. ಹೆಣ ಕಾಯುವ ಹಾಗಿರಲಿಲ್ಲ.

ಜೇಬೆಸ್ ಬೈಬಲ್ ಮೇಲೆ ಕೈಯಿಟ್ಟ. ಹೊಲದಲ್ಲಿ ಹೇಳಿದ್ದನ್ನೇ ಹೇಳಿದ.

"ಪಟ್ಟಿ ಹರಿದದ್ದು ಹೇಗೆ?" ಟ್ವಿಗ್ಡೆನ್ ಕೇಳಿದ.

ಜೇಬೆಸ್ ಅಕ್ಕನ ಕಡೆ ನೋಡಲಿಲ್ಲ. "ಹೊಲಿಗೆ ಬಿಡ್ತು ಸಾರ್."

ಹತ್ತು ನಿಮಿಷದಲ್ಲಿ ತೀರ್ಮಾನ. ಕುದುರೆ ಬೆದರಿ ಆಕಸ್ಮಿಕ ಸಾವು. ಕಾರಣ, ಹೊಲಿಗೆಯ ದೋಷ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ಎರಡು ಕೊರಳಮೆತ್ತೆ ಬಿದ್ದಿದ್ದವು. ರಿಪೇರಿಗಲ್ಲ, ವಾಪಸ್. ಮಧ್ಯಾಹ್ನಕ್ಕೆ ಐದಾದವು. ಹತ್ತು ವರ್ಷ ಅವಳ ಕೈಯ ಚಹಾ ಕುಡಿದಿದ್ದ ಮುದುಕ ಬಿಷಪ್‌ನೆಕ್ ಲಗಾಮು ತಂದು ಮೇಜಿನ ಮೇಲೆ ಎಸೆದ.

"ಬೇಜಾರ್ ಮಾಡ್ಕೋಬೇಡ ಲವ್‌ಡೇ. ನನ್ ಮೊಮ್ಮಗ ಓಡ್ಸೋ ಗಾಡಿ ಅದು."

"ಬೇಜಾರೇನಿಲ್ಲ. ನಿನ್ ಸೊಂಟಕ್ಕೆ ಹೊಲಿದ ಪಟ್ಟೀನೂ ಬಿಚ್ಚಿಟ್ಟು ಹೋಗು. ಅದೂ ನಂದೇ ಹೊಲಿಗೆ. ದಾರಿ ಮಧ್ಯ ಚಡ್ಡಿ ಜಾರೀತು."

ಮುದುಕ ಹೋದ ಮೇಲೆ ಹೊಲಿಗೆ ನಿಲ್ಲಿಸಿದಳು. ದಬ್ಬಳ ಕೆಳಗಿಟ್ಟಳು.

ಚರ್ಚಿನ ಮುಂದೆ ಒಟಿಲಿ ಎದುರಾದಳು. ಕಪ್ಪು ಬಟ್ಟೆ. ಲವ್‌ಡೇ ಕೈ ಚಾಚಿದಳು. ಒಟಿಲಿ ಆ ಕೈಯನ್ನು ನೋಡಿದಳು. ಆ ಕೈ ಏನು ಮಾಡಿತ್ತು ಅಂತ ನೆನಪಿಸಿಕೊಂಡವಳ ಹಾಗೆ ನೋಡಿದಳು. ಮುಂದೆ ಹೋದಳು.

* * *

ಬಿಲ್ಲಿನ ಕಾಗದಗಳ ನಡುವೆ ಕ್ಲೆಮ್ ಬರೆದ ಚೀಟಿ ಸಿಕ್ಕಿದ್ದು ಆ ಶನಿವಾರ. ಕಳೆದ ಚಳಿಗಾಲದಲ್ಲಿ ಅವನು ಕೊಟ್ಟ ಆರ್ಡರು. *ಮೂರು ಕೊರಳಮೆತ್ತೆ. ಎರಡೂ ಹೆಗಲಿಗೆ ಒಂದೇ ದಪ್ಪ. ಆರು ಎಳೆಪಟ್ಟಿ. ಎಲ್ಲ ಎರಡೇ ಪದರ.*

ಲವ್‌ಡೇ ಚೀಟಿಯನ್ನು ಇನ್ನೊಂದು ಸಲ ಓದಿದಳು. ಆಮೇಲೆ ಎದ್ದಳು. ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಪೊಲೀಸ್ ಠಾಣೆಗೆ ನಡೆದಳು.

ಹನ್ರಹಾನ್ ಬೂಟು ಬಿಚ್ಚಿ ಕಾಲನ್ನು ನೀರಿನ ಬೋಗುಣಿಯಲ್ಲಿ ಇಟ್ಟುಕೊಂಡು ಕೂತಿದ್ದ.

"ಆ ಪಟ್ಟಿ ತೋರ್ಸಪ್ಪಾ."

"ಟ್ರೆಂಬಾತಮ್ಮಾ, ಅದ್ನ ನೋಡಿ ನೋಡಿ ಕೊರಗ್ಬೇಡಿ..."

"ಕೊರಗೋಕಲ್ಲ. ಎಣಿಸೋಕೆ."

ಕೊಟ್ಟ. ಅವಳು ಅಂಚನ್ನು ಬೆಳಕಿಗೆ ಹಿಡಿದಳು. ಒಂದು, ಎರಡು, ಮೂರು.

"ಮೂರು ಪದರ," ಅಂದಳು. "ಇದು ಕ್ಲೆಮ್‌ನ ಪಟ್ಟಿ ಅಲ್ಲ."

"ನೀವೇ ಹೇಳಿದ್ರಲ್ಲಮ್ಮಾ, ನಿಮ್ದೇ ಹೊಲಿಗೆ ಅಂತ?"

"ಹೊಲಿಗೆ ನಂದು. ಪಟ್ಟಿ ಅವಂದಲ್ಲ. ಕೇಳು. ನಮ್ಮ ಕೊಯ್ಲಿನ ಬಂಡಿ ಹೇಗಿರತ್ತೆ? ಮುಂದೆ ಬಾಚಣಿಗೆ ತೆನೆಯ ಕೊರಳು ಹಿಡಿಯತ್ತೆ. ಒಳಗಿನ ರೆಕ್ಕೆ ಬಡಿದು ಕಾಳು ಉದುರ್ಸತ್ತೆ. ಹಿಂದಿನ ಪೆಟ್ಟಿಗೆ ತುಂಬತ್ತೆ. ಹುಲ್ಲು ನಿಂತಲ್ಲೇ ನಿಲ್ಲತ್ತೆ. ಕುದುರೆ ಬೆಳೆ ತುಳೀಬಾರ್ದು ತಾನೆ? ಅದಕ್ಕೆ ಮೂಕಿ ಎಡಕ್ಕೆ, ಬಾಚಣಿಗೆ ಬಲಕ್ಕೆ."

"ಆ ಪಿಶಾಚಿ ಯಂತ್ರಗಳು ನಂಗರ್ಥ ಆಗಲ್ಲ. ನಮ್ಮೂರಲ್ಲಿ ಕುಡುಗೋಲು ಇತ್ತು. ಕೊಯ್ದ್ರೆ ಬೆರಳು ಕೊಯ್ತಿತ್ತು, ಮುಗೀತು."

"ಅರ್ಥ ಮಾಡ್ಕೋ. ಎಳೆಯೋದು ಎಡಗಡೆ, ತಡೆಯೋದು ಬಲಗಡೆ. ಬಂಡಿ ಯಾವಾಗ್ಲೂ ಬಲಕ್ಕೆ ತಿರುಗೋಕೆ ನೋಡತ್ತೆ. ಪಾಪ ಕುದುರೆ ಅದನ್ನ ತನ್ನ ಬಲ ಹೆಗಲಲ್ಲಿ ತಡೀಬೇಕು. ಕೊಯ್ಲು ಮುಗಿಯೋ ಹೊತ್ತಿಗೆ ಇಲ್ಲಿರೋ ಪ್ರತಿ ಕುದುರೆಗೂ ಬಲ ಹೆಗಲು ಹುಣ್ಣು. ಅದಕ್ಕೇ ನಾನು ಎಲ್ಲರಿಗೂ ಬಲಗಡೆ ಮೆತ್ತೆ ದಪ್ಪ ಮಾಡ್ತೀನಿ, ಬಲಗಡೆ ಪಟ್ಟಿ ಮೂರು ಪದರ ಹಾಕ್ತೀನಿ. ಎಲ್ಲರಿಗೂ. ಕ್ಲೆಮ್ ಒಬ್ಬನಿಗೆ ಬಿಟ್ಟು."

ಚೀಟಿ ಮುಂದಿಟ್ಟಳು. ಹನ್ರಹಾನ್ ಬೋಗುಣಿಯಿಂದ ಒಂದು ಕಾಲು ತೆಗೆದ.

"ಇನ್ನೊಂದಿದೆ. ಅವತ್ತು ಅವನ ಕುದುರೆ ಒರೆಸಿದೆ. ಮೂರು ವಾರದಿಂದ ದುಡೀತಿದ್ದ ಕುದುರೆಗಳು. ಬಲಕ್ಕೆ ದಪ್ಪ ಇಲ್ಲದ ಮೆತ್ತೆ ಬೇರೆ. ಮಾಂಸ ಕಿತ್ತು ಬರ್ಬೇಕಿತ್ತು. ಒಂದು ಕೂದಲೂ ಉದುರಿರ್ಲಿಲ್ಲ!"

"ಅಂದ್ರೆ?"

"ಅಂದ್ರೆ, ಅವನ ಬಂಡಿ ಓರೆ ಎಳೀತಿರ್ಲಿಲ್ಲ. ಓರೆ ಎಳೆಯೋದನ್ನ ತಪ್ಪಿಸೋ ಏನೋ ಒಂದನ್ನ ಕ್ಲೆಮ್ ಕಂಡುಹಿಡಿದಿದ್ದ. ಆದ್ರೆ ನಾವು ನೋಡಿದಾಗ ಬಂಡಿ ಎಲ್ಲರ ಬಂಡಿ ಹಾಗೇ ಇತ್ತು. ಆ ಏನೋ ಒಂದು ಎಲ್ಲಿ ಹೋಯ್ತು?"

ಹನ್ರಹಾನ್ ಎರಡನೇ ಕಾಲನ್ನೂ ತೆಗೆದ. ಒದ್ದೆ ಕಾಲಿಗೇ ಬೂಟು ಏರಿಸಿದ.

* * *

ಕ್ಲೆಮ್‌ನ ಬಂಡಿಯನ್ನು ಅವನ ಕೊಟ್ಟಿಗೆಗೆ ತಂದು ನಿಲ್ಲಿಸಿದ್ದರು. ಹನ್ರಹಾನ್ ಮಂಡಿಯೂರಿ ಅದರ ಹಿಂದೆ ತಡಕಾಡಿದ. ಬಲತುದಿಯ ಚೌಕಟ್ಟಿನಲ್ಲಿ ಗ್ರೀಸು ಮೆತ್ತಿತ್ತು, ಅದರ ಮೇಲೆ ಮಣ್ಣು. ಉಗುರಿನಿಂದ ಕೆರೆದ. ತೂತು. ಇನ್ನೊಂದು. ಒಟ್ಟು ನಾಲ್ಕು. ಒಳಗೆ ಕಬ್ಬಿಣ ಫಳಫಳ ಹೊಳೆಯುತ್ತಿತ್ತು.

ಹೊಲದ ದೂರದ ಮೂಲೆಗೆ ಹೋದರು. ಅವತ್ತು ಜನ ತುಳಿಯದೆ ಉಳಿದ ಜಾಗ. ಕೂಳೆಯ ನಡುವೆ ಗಾಲಿಯ ಗುರುತು ಒಣಗಿ ಕೂತಿತ್ತು.

"ಎರಡು ಗಾಲಿಯ ಬಂಡಿ," ಅಂದ ಹನ್ರಹಾನ್. "ಮೂರು ಗೆರೆ."

ಮೂರನೆಯದು ಸಣ್ಣದು. ಬಲಗಡೆ ಹಿಂಬದಿಯಲ್ಲಿ ಹೋಗಿತ್ತು, ಸ್ವಲ್ಪ ಓರೆಯಾಗಿ. ದೋಣಿಯ ಚುಕ್ಕಾಣಿಯ ಹಾಗೆ. ಬಂಡಿ ಬಲಕ್ಕೆ ತಿರುಗಲು ಹೊರಟರೆ ಆ ಗಾಲಿ ಅದನ್ನು ಹಿಡಿದು ನೆಟ್ಟಗೆ ಮಾಡುತ್ತಿತ್ತು. ಇಷ್ಟೇ. ಇಷ್ಟು ಸಣ್ಣದನ್ನು ನಲವತ್ತು ವರ್ಷದಿಂದ ಯಾರೂ ಮಾಡಿರಲಿಲ್ಲ.

ವಾಪಸ್ ಬಂದಾಗ ಒಟಿಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಹನ್ರಹಾನ್ ವಿಷಯ ಹೇಳಿದ. ಅವಳು ನಂಬಲು ಹೊತ್ತು ಹಿಡಿಯಿತು. ಆಮೇಲೆ ಮೂಲೆಯಲ್ಲಿದ್ದ ಹಳೆಯ ಬಂಡಿಯ ಮೇಲೆ ಕೂತಳು. ಒಂಟಿ ಕುದುರೆಯ ಪುಟ್ಟ ಬಂಡಿ ಅದು. ಹಳ್ಳದ ಬದಿಯ ಕ್ಲೋವರ್ ಹುಲ್ಲಿನ ಹೂತಲೆಗಳನ್ನು ಬೀಜಕ್ಕೆಂದು ಕಿತ್ತುಕೊಳ್ಳಲು ಹತ್ತು ವರ್ಷದ ಹಿಂದೆ ಕಟ್ಟಿದ್ದು. ಒತ್ತೊತ್ತಾದ ಹಲ್ಲು, ಚಾಕುವಿನ ಹಾಗೆ ಚೂಪು.

"ಈ ವರ್ಷ ಯಾರನ್ನೂ ಹೊಲಕ್ಕೆ ಬಿಡ್ತಿರ್ಲಿಲ್ಲ," ಅಂದಳು. "ನನ್ನೂ ಬಿಡ್ತಿರ್ಲಿಲ್ಲ. ಕತ್ತಲಾಗೋ ಮುಂಚೆ ಬಂಡಿಗೆ ಗೋಣಿ ಹೊದೆಸಿ ತರ್ತಿದ್ದ. ಕೊಯ್ಲು ಮುಗಿದ ಮೇಲೆ ಅಡಿಲೇಡ್‌ಗೆ ಹೋಗಿ ಪೇಟೆಂಟ್ ಬರೆಸಿ ತನ್ನ ಹೆಸರಿಗೆ ಮಾಡಿಸ್ಕೊಂಡು ಬರ್ತೀನಿ ಅಂತಿದ್ದ."

"ಇದು ಗೊತ್ತಿದ್ದೋರು ಯಾರಮ್ಮಾ?"

"ಆ ಪಟ್ಟಣದ ಕಾರ್ಖಾನೆ ಏಜೆಂಟು ಇದಾನಲ್ಲ, ಪೆಟಿಗ್ರೂ? ಎರಡು ಸಲ ಬಂದಿದ್ದ. ಬೇಲಿಯಾಚೆ ನಿಂತು ಪುಸ್ತಕದಲ್ಲಿ ಏನೋ ಗೀಚ್ತಿದ್ದ. ಇವನು ಸಲಿಕೆ ಎತ್ಕೊಂಡು ಓಡ್ಸಿದ."

ಲವ್‌ಡೇ ಹಳೆಯ ಬಂಡಿಯ ಹಿಂದೆ ನೋಡುತ್ತಿದ್ದಳು. ಬಲತುದಿಯಲ್ಲಿ ಒಂದು ಸಣ್ಣ ಮರದ ಗಾಲಿ ಜೋತಾಡುತ್ತಿತ್ತು. ಒರಟು ಕೆಲಸ. ಮಗು ಆಟಕ್ಕೆ ಮಾಡಿದ ಹಾಗಿತ್ತು.

"ಇದೇನು ಒಟಿಲಿ?"

"ಅದಾ? ನಿನ್ ತಮ್ಮ ಹಾಕಿದ್ದು. ಆಗ ಇಬ್ರೂ ಸೇರಿ ಬಂಡಿ ಕಟ್ತಿದ್ರಲ್ಲ. ಹಂದಿಬಾಲ ಅಂತ ನನ್ ಗಂಡ ಎಷ್ಟು ನಕ್ಕಿದ್ದ ಗೊತ್ತಾ? ಇಡೀ ಊರಿಗೆ ಹೇಳಿ ನಗಿಸಿದ್ದ."

ಲವ್‌ಡೇಗೂ ಆ ನಗು ನೆನಪಿತ್ತು. ಅವಳೂ ನಕ್ಕಿದ್ದಳು.

* * *

ಪೆಟಿಗ್ರೂ ಇನ್ನೂ ಹೋಟೆಲಿನಲ್ಲೇ ಇದ್ದ. ತೆಳ್ಳಗಿನ, ಹಳದಿ ಮುಖದ ಮನುಷ್ಯ. ಹನ್ರಹಾನ್ ಅವನ ಪುಸ್ತಕ ಬಿಡಿಸಿದ. ಬಾಚಣಿಗೆ, ರೆಕ್ಕೆ, ಹಲ್ಲಿನ ಚಕ್ರಗಳ ಚಿತ್ರ. ಒಂದು ಪುಟದಲ್ಲಿ ಗೋಣಿ ಹೊದ್ದ ಬಂಡಿ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

"ಕದಿಯೋಕೆ ಬಂದೆ, ಅಲ್ವಾ?"

"ನೋಡೋಕೆ ಬಂದೆ," ಅಂದ ಪೆಟಿಗ್ರೂ. "ನನ್ ಕೆಲಸ ಅದು. ಸಂಬಳ ಅದಕ್ಕೇ ಕೊಡ್ತಾರೆ."

"ಕ್ಲೆಮ್ ಸತ್ತ ದಿನ ಎಲ್ಲಿದ್ದೆ?"

ಏಜೆಂಟನ ಹಳದಿ ಮುಖ ಕೆಂಪಗಾಯಿತು. ಉತ್ತರ ಕೊಟ್ಟವಳು ಹೋಟೆಲಿನ ಒಡತಿ. "ಹಿತ್ತಲ ಪಾಯಿಖಾನೇಲಿ ಕೂತಿದ್ದ. ಬೆಳಿಗ್ಗೆಯಿಂದ ಸಂಜೆವರ್ಗೂ! ನಮ್ ಬಾವಿ ನೀರು ಕುದಿಸ್ದೆ ಕುಡೀಬೇಡ ಅಂದೆ, ಕೇಳಿದ್ನಾ? ಅವನ ನರಳಾಟ ಬಾರ್‌ನಲ್ಲಿದ್ದ ಒಂಬತ್ತು ಜನ ಕೇಳಿದಾರೆ. ಬೇಕಾದ್ರೆ ಸಾಕ್ಷಿ ಹೇಳ್ತಾರೆ."

"ಬೇಡ," ಅಂದ ಹನ್ರಹಾನ್. ಹೊರಗೆ ಬಂದು ಟೋಪಿ ನೆಲಕ್ಕೆ ಬಡಿದ. "ಇರೋದೊಂದು ಸಂಶಯ. ಅದೂ ಪಾಯಿಖಾನೇಲಿ ಹೋಯ್ತು! ಮೂವತ್ತು ಹೊಲ ಇದಾವಮ್ಮಾ ಸುತ್ತ. ಆ ಗಾಲೀನ ಎಲ್ಲಿ ಅಂತ ಹುಡುಕ್ಲಿ? ಹುಡುಕ್ತಿದೀನಿ ಅಂತ ಗೊತ್ತಾದ್ರೆ ಬಾವಿಗೆ ಎಸೀತಾರೆ."

"ಗಾಲಿ ಹುಡುಕ್ಬೇಡ," ಅಂದಳು ಲವ್‌ಡೇ. "ಹೆಗಲು ಹುಡುಕೋಣ."

"ಏನು?"

"ಕದ್ದೋನು ಅದನ್ನ ಒಂದಲ್ಲ ಒಂದು ದಿನ ಹಾಕಿ ನೋಡ್ತಾನೆ. ಹೇಗೆ ಓಡತ್ತೆ ಅಂತ ನೋಡ್ದೆ ಇರೋಕಾಗಲ್ಲ. ಹಾಕಿದ್ರೆ ಅವನ ಕುದುರೆ ಹೆಗಲು ವಾಸಿ ಆಗತ್ತೆ. ಕೊಯ್ಲಿನ ನಡುವೆ ಹೆಗಲು ವಾಸಿಯಾದ ಕುದುರೆ ಈ ಸೀಮೇಲಿ ಇಲ್ಲಪ್ಪಾ. ಬಂಡಿಗೆ ಗೋಣಿ ಹೊದೆಸಬಹುದು. ಹೆಗಲಿಗೆ ಹೊದೆಸೋಕಾಗಲ್ಲ."

* * *

ಹೊಸ ವರ್ಷ ಕಳೆಯಿತು. ಲವ್‌ಡೇ ಮುಲಾಮಿನ ಡಬ್ಬಿ ಹಿಡಿದು ಹೊಲ ಹೊಲ ಸುತ್ತಿದಳು. ಕುರಿಯ ಕೊಬ್ಬು, ಟಾರು, ಒಂದಿಷ್ಟು ಗಂಧಕ. ತನ್ನ ತಪ್ಪಿಗೆ ಪ್ರಾಯಶ್ಚಿತ್ತ ಅಂದಳು. ಹಣ ಬೇಡ ಅಂದಳು.

ಜನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಬಿಷಪ್‌ನೆಕ್‌ನ ಸೊಸೆ, "ಮುಲಾಮಾದ್ರೂ ಗಟ್ಟಿ ಇದ್ಯಾ, ಅದೂ ಬಿಟ್ಕೊಳ್ಳತ್ತಾ?" ಅಂದಳು. ಲವ್‌ಡೇ ನುಂಗಿಕೊಂಡಳು. ಕುದುರೆಗಳು ಮಾತ್ರ ಏನೂ ಅನ್ನಲಿಲ್ಲ. ಕೊರಳಮೆತ್ತೆ ಎತ್ತಿದರೆ ಕೆಂಪು ಮಾಂಸ, ನೊಣ. ಹನ್ನೊಂದು ದಿನದಲ್ಲಿ ಇಪ್ಪತ್ತೊಂಬತ್ತು ಹೊಲ, ನೂರಕ್ಕೆ ಸಮೀಪ ಕುದುರೆ. ಎಲ್ಲಕ್ಕೂ ಬಲ ಹೆಗಲು ಹುಣ್ಣು.

ಉಳಿದದ್ದು ಒಂದೇ ಹೊಲ. ಅಲ್ಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ಸುಮ್ಮನೆ ಹೋದಳು. ತಮ್ಮನಿಗೆ ಇಷ್ಟ ಅಂತ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ಸುಟ್ಟುಕೊಂಡು ಹೋದಳು.

ಜೇಬೆಸ್ ಕಾಳು ತೂರುತ್ತಿದ್ದ. ದೂರದಿಂದಲೇ ಕೈ ಬೀಸಿದ. ಕುದುರೆಗಳು ಲಾಯದ ನೆರಳಲ್ಲಿದ್ದವು. ಮುದಿ ಹೆಣ್ಣು ಕುದುರೆ ಜೆಸ್ಸಿ ಲವ್‌ಡೇಯ ವಾಸನೆ ಹಿಡಿದು ಮೂತಿ ಚಾಚಿತು. ಪ್ರತಿ ವರ್ಷ ಎಲ್ಲಕ್ಕಿಂತ ಹೆಚ್ಚು ನರಳುತ್ತಿದ್ದದ್ದು ಅದೇ. ಹೋದ ಜನವರಿಯಲ್ಲಿ ಅದರ ಹೆಗಲಲ್ಲಿ ಮುಷ್ಟಿ ಹಿಡಿಸುವಷ್ಟು ಗಾಯ ಇತ್ತು. ಜೇಬೆಸ್ ಅದರ ಪಕ್ಕ ಕೂತು ಅತ್ತಿದ್ದ. ನಲವತ್ತೈದು ವರ್ಷದ ಗಂಡಸು.

ಲವ್‌ಡೇ ಅಭ್ಯಾಸದಿಂದ ಕೈ ಹಾಕಿದಳು.

ಒಣಗಿದ ಗಾಯ. ಅದರ ಮೇಲೆ ಹೊಸ ಕೂದಲು, ಎಳೆ ಹುಲ್ಲಿನ ಹಾಗೆ.

ಕೈ ಅಲ್ಲೇ ನಿಂತಿತು. ಪಕ್ಕದ ಕುದುರೆ. ಅದಕ್ಕೂ ಹೊಸ ಕೂದಲು. ಮೂರನೆಯದಕ್ಕೂ.

"ಹೇಗಿದಾವೆ ಅಕ್ಕಾ?"

ಹಿಂದೆಯೇ ನಿಂತಿದ್ದ. ಅವಳು ತಿರುಗಲಿಲ್ಲ.

"ಚೆನ್ನಾಗಿದಾವೆ."

"ನಿನ್ ಮುಲಾಮಿನ ಗುಣ."

"ಹೌದು," ಅಂದಳು. ಈ ವರ್ಷ ಅವನಿಗೆ ಅವಳು ಮುಲಾಮು ಕೊಟ್ಟೇ ಇರಲಿಲ್ಲ.

ಪೇಸ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟ. ತಿಂದಳು. ಜಗಿದಳು, ನುಂಗಿದಳು. ರುಚಿ ಯಾವುದೂ ತಿಳಿಯಲಿಲ್ಲ.

* * *

ಎರಡು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಸುಮ್ಮನಿದ್ದರೆ ಆಯಿತು. ಊರು ತನ್ನನ್ನು ಅನ್ನುವುದನ್ನು ಅಂದಾಗಿದೆ. ಇನ್ನೇನು ಅಂದೀತು? ಬೇರೆ ಊರಿಗೆ ಹೋಗಬಹುದು. ಬಾಯಿ ಬಿಟ್ಟರೆ ತಮ್ಮನ ಕುತ್ತಿಗೆಗೆ ಹಗ್ಗ. ಅಮ್ಮ ಸತ್ತಾಗ ಅವನಿಗೆ ಏಳು ವರ್ಷ. ಹಡಗಿನಲ್ಲಿ ಮೂರು ತಿಂಗಳು ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಈ ದೇಶಕ್ಕೆ ತಂದವಳು ಅವಳು.

ಮೂರನೇ ದಿನ ಬಾಗಿಲು ಬಡಿದವಳು ಒಟಿಲಿ. ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತಳು.

"ಅವತ್ತು ಚರ್ಚಿನ ಮುಂದೆ ನಾನು ಹಾಗೆ ಮಾಡ್ಬಾರ್ದಿತ್ತು. ಅದನ್ನ ಹೇಳೋಕೆ ಬಂದೆ. ನಿನ್ ತಮ್ಮನ ಮುಖ ನೋಡಿದ್ರೆ ನಾಚಿಕೆ ಆಗತ್ತೆ ಲವ್‌ಡೇ. ಉಳಿದ ಗೋಧಿ ತಾನೇ ಕೊಯ್ದು ಕೊಡ್ತೀನಿ ಅಂದ. ಕ್ಲೆಮ್‌ನ ಬಂಡಿ ನಾಳೆ ತಗೊಂಡು ಹೋಗ್ತಾನಂತೆ. ಹಳೇ ಕಬ್ಬಿಣ, ಬಿಚ್ಚಿ ಬೆಸೆದು ಸರಿ ಮಾಡ್ತೀನಿ ಅಂದ."

"ಬೆಸೆದು," ಅಂದಳು ಲವ್‌ಡೇ.

"ಹೂಂ. ಹಿಂದಿನ ಚೌಕಟ್ಟು ಹೊಸದು ಹಾಕ್ಬೇಕಂತೆ."

ಚೌಕಟ್ಟು ಹೋದರೆ ಆ ನಾಲ್ಕು ತೂತೂ ಹೋದ ಹಾಗೆ. ಲವ್‌ಡೇ ಗೆಳತಿಯನ್ನು ನೋಡಿದಳು. ಗಂಡನನ್ನು ಕೊಂದವನಿಗೆ ಕೃತಜ್ಞತೆ ಹೇಳಲು ಹೊರಟ ಹೆಂಗಸನ್ನು ನೋಡಿದಳು. ಶಾಲು ಎಳೆದುಕೊಂಡಳು.

"ಎಲ್ಲಿಗೆ?"

"ಠಾಣೆಗೆ."

* * *

ಮಧ್ಯಾಹ್ನ ಎರಡು ಗಂಟೆ. ನೆತ್ತಿ ಸುಡುವ ಬಿಸಿಲು, ಗೋಧಿ ಗರಿಗರಿ. ಕೊಯ್ಲಿಗೆ ಅದೇ ಹೊತ್ತು. ಗುಡ್ಡದ ಹಿಂದಿನ ಹೊಲದಲ್ಲಿ ಜೇಬೆಸ್‌ನ ಬಂಡಿ ಸದ್ದು ಮಾಡುತ್ತಾ ಬರುತ್ತಿತ್ತು. ಗುಡ್ಡದ ತುದಿಯಲ್ಲಿ ಹನ್ರಹಾನ್, ಲವ್‌ಡೇ ನಿಂತು ನೋಡಿದರು. ಮೂರು ಕುದುರೆಗಳೂ ನೆಟ್ಟಗೆ, ಹಗುರಾಗಿ, ತಲೆಯೆತ್ತಿ ನಡೆಯುತ್ತಿದ್ದವು. ಹಾಗೆ ನಡೆಯುವ ಕೊಯ್ಲಿನ ಕುದುರೆಯನ್ನು ಲವ್‌ಡೇ ಜನ್ಮದಲ್ಲಿ ನೋಡಿರಲಿಲ್ಲ. ಬಂಡಿಯ ಹಿಂದೆ, ಬಲತುದಿಯಲ್ಲಿ, ಸಣ್ಣ ಕಬ್ಬಿಣದ ಗಾಲಿ ಓಡಿ ಬರುತ್ತಿತ್ತು.

ಜೇಬೆಸ್ ಅವರನ್ನು ನೋಡಿದ. ಓಡಲಿಲ್ಲ. ಬಂಡಿ ನಿಲ್ಲಿಸಿದ. ಇಳಿದು ಜೆಸ್ಸಿಯ ಪಕ್ಕ ನಿಂತ.

"ಒಳ್ಳೇ ಗಾಲಿ," ಅಂದ ಹನ್ರಹಾನ್.

"ನಾನೇ ಮಾಡಿದ್ದು."

"ನಾಲ್ಕು ಬೋಲ್ಟು. ಕ್ಲೆಮ್‌ನ ಬಂಡೀಲಿ ನಾಲ್ಕು ತೂತಿದೆ. ಕೂತ್ಕೊಳ್ಳತ್ತಾ ನೋಡೋಣ್ವಾ?"

ಲವ್‌ಡೇ ಹತ್ತಿರ ಹೋದಳು. ಜೆಸ್ಸಿಯ ಬಲಗಡೆಯ ಎಳೆಪಟ್ಟಿಯನ್ನು ಹಿಡಿದು ಅಂಚು ತಿರುಗಿಸಿದಳು.

"ಎರಡು ಪದರ," ಅಂದಳು. "ಇದನ್ನ ನಾನು ಹೋದ ಚಳಿಗಾಲದಲ್ಲಿ ಕ್ಲೆಮ್‌ಗೆ ಹೊಲಿದೆ. ನಿನಗಲ್ಲ. ನಿನ್ನ ಹಳೇ ಮೂರು ಪದರದ್ದು ಅವನ ಹೊಲದಲ್ಲಿ ಸಿಕ್ತು. ಅವನ ತಲೆಗೆ ಹೊಡೆದದ್ದು ಬಾಚಣಿಗೆ ಅಲ್ಲ. ನೀನು. ಗಾಲಿ ಬಿಚ್ಚಿದೆ, ತೂತಿಗೆ ಗ್ರೀಸು ಮೆತ್ತಿದೆ. ಅವನನ್ನ ಬಾಚಣಿಗೆ ಕೆಳಗೆ ಎಳೆದು ಹಾಕಿದೆ. ಕುದುರೆ ಬೆದರೋಕೆ ಒಂದು ಕಾರಣ ಬೇಕಿತ್ತು. ಅವನ ಪಟ್ಟಿ ಗಟ್ಟಿ ಇತ್ತು, ಹರೀಲಿಲ್ಲ. ಅದನ್ನ ತಗೊಂಡು ನಿನ್ ಹರಿದ ಪಟ್ಟಿ ಹಾಕಿದೆ. ಪದರ ಎಣಿಸಲಿಲ್ಲ. ಬಲಗಡೆಗೆ ಮೂರು ಪದರ ಅನ್ನೋದು ನಿಮಗೆಲ್ಲ ಹುಟ್ಟಿದಾಗಿನಿಂದ ಅಭ್ಯಾಸ. ಅವನ ಬಂಡಿಗೆ ಅದು ಬೇಕಿಲ್ಲ ಅನ್ನೋದು ನಿನಗೆ ಹೊಳೀಲೇ ಇಲ್ಲ."

"ಅವನ ಬಂಡಿ!" ಜೇಬೆಸ್ ಕೂಗಿದ. ಕುದುರೆಗಳು ಕಿವಿ ನಿಮಿರಿಸಿದವು. "ಹಂದಿಬಾಲ ಅಂದಿದ್ದ! ಊರೆಲ್ಲ ನಕ್ಕಿತ್ತು. ನೀನೂ ನಕ್ಕಿದ್ದೆ ಅಕ್ಕಾ. ಹತ್ತು ವರ್ಷ ನಾನು ಬಾಯಿ ಮುಚ್ಕೊಂಡಿದ್ದೆ. ಅವತ್ತು ಬೇಲಿ ಹತ್ರ ಹೋದ್ರೆ, ಅದೇ ಗಾಲಿ! ಮರದ ಬದಲು ಕಬ್ಬಿಣ, ಅಷ್ಟೇ. ಇದು ನಂದಲ್ವಾ ಟ್ರೌಗಾಟ್ ಅಂದೆ. ಏನಂದ ಗೊತ್ತಾ? 'ನಿಂದು ಓಡಲಿಲ್ಲ, ನಂದು ಓಡತ್ತೆ. ಓಡೋದಕ್ಕೆ ಮಾತ್ರ ಹೆಸರು' ಅಂದ. ಅಂದು ಬಗ್ಗಿ ಬೋಲ್ಟು ಬಿಗಿ ಮಾಡೋಕೆ ಕೂತ. ನನಗೆ ಬೆನ್ನು ತೋರ್ಸಿ. ಸ್ಪ್ಯಾನರ್ ಕೊಡು ಅಂದ."

ಗಾಳಿ ಗೋಧಿಯ ಮೇಲೆ ಹಾದುಹೋಯಿತು.

"ಕೊಟ್ಟೆ," ಅಂದ.

ಹನ್ರಹಾನ್ ಬೇಡಿ ತೆಗೆದ. ಲವ್‌ಡೇ ಕೈ ಅಡ್ಡ ಹಿಡಿದಳು.

"ಒಂದು ಕೇಳ್ಬೇಕು ಇವನ್ನ. ಬೈಬಲ್ ಮುಟ್ಟಿ ಹೊಲಿಗೆ ಬಿಡ್ತು ಅಂದ್ಯಲ್ಲ. ಆಗ ನಾನು ಕಾಣಿಸ್ಲಿಲ್ವಾ ಜೇಬ?"

ಅವನು ನೆಲ ನೋಡಿದ. "ಪಟ್ಟಿ ಹಾಕುವಾಗ ನಿನ್ ನೆನಪು ಬರ್ಲಿಲ್ಲ ಅಕ್ಕಾ. ದೇವರಾಣೆ. ನನ್ ಗಾಡೀಲಿ ಕೈಗೆ ಸಿಕ್ಕಿದ್ದು ಅದು. ಆಮೇಲೆ... ಆಮೇಲೆ ಹೊತ್ತು ಮೀರಿತ್ತು."

"ಗಾಲೀನ ಬಾವಿಗೆ ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲೋ," ಅಂದ ಹನ್ರಹಾನ್. ಅವನಿಗೇ ಸಂಕಟವಾದ ಹಾಗಿತ್ತು. "ಕೊಯ್ಲು ಮುಗಿಯೋವರೆಗಾದ್ರೂ ಬಚ್ಚಿಡ್ಬೇಕಿತ್ತು."

"ಬಚ್ಚಿಟ್ಟಿದ್ದೆ. ಹತ್ತು ದಿನ ಹುಲ್ಲಿನ ಕೆಳಗಿತ್ತು." ಜೇಬೆಸ್ ಜೆಸ್ಸಿಯ ಹೆಗಲ ಮೇಲೆ ಕೈಯಿಟ್ಟ, ಹೊಸ ಕೂದಲ ಮೇಲೆ. "ದಿನಾ ಬೆಳಿಗ್ಗೆ ಮೆತ್ತೆ ಹಾಕೋಕೆ ಹೋದ್ರೆ ಇದು ನಡುಗ್ತಿತ್ತು. ಮಾಂಸ ಕಾಣಿಸ್ತಿತ್ತು. ಇದರ ಮದ್ದು, ಆ ಗಾಲಿ, ಲಾಯದಲ್ಲೇ ಬಿದ್ದಿದೆ, ನಾನು ಇದರ ಮೇಲೆ ಮೆತ್ತೆ ಹೇರ್ತಿದೀನಿ. ನೋಡೋಕಾಗ್ಲಿಲ್ಲ ಅಕ್ಕಾ."

ಅವನ ಕೈಗೆ ಬೇಡಿ ಬಿತ್ತು.

* * *

ಮಾರ್ಚಿನಲ್ಲಿ ಅಡಿಲೇಡ್ ಕೋರ್ಟಿನಲ್ಲಿ ಲವ್‌ಡೇ ಸಾಕ್ಷಿ ಹೇಳಿದಳು. ಪದರ ಎಣಿಸಿ ತೋರಿಸಿದಳು. ಜೀವಾವಧಿ ಶಿಕ್ಷೆಯಾಯಿತು. ನೇಣು ತಪ್ಪಿತು ಅಂತ ಹನ್ರಹಾನ್ ಸಮಾಧಾನ ಹೇಳಿದ. ಅವಳು ಹೌದು ಅಂದಳು.

ಊರಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಕೊರಳಮೆತ್ತೆಗಳ ಗುಡ್ಡೆ. ಬಿಷಪ್‌ನೆಕ್ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ನಂಗೆ ಮೊದ್ಲೇ ಗೊತ್ತಿತ್ತು ಲವ್‌ಡೇ, ನಿನ್ ಹೊಲಿಗೆ ಬಿಡಲ್ಲ ಅಂತ."

ಗಾಲಿ ಮಾತ್ರ ಊರಿಗೆ ಬರಲಿಲ್ಲ. ಅದು ಸಾಕ್ಷಿಯ ವಸ್ತು. ಸರ್ಕಾರದ ಉಗ್ರಾಣದಲ್ಲಿ ಚೀಟಿ ಕಟ್ಟಿಸಿಕೊಂಡು ಕೂತಿತು. ಒಟಿಲಿ ಅದನ್ನು ಕೇಳಲಿಲ್ಲ. ಗಂಡನ ರಕ್ತ ಹತ್ತಿದ ಕಬ್ಬಿಣ ನನಗೆ ಬೇಡ ಅಂದಳು. ಯಾರ ಹೆಸರಿಗೂ ಅದು ಆಗಲಿಲ್ಲ. ಕೊಲೆಯ ಗಾಲಿ ಅಂತ ಊರಿನಲ್ಲಿ ಯಾರೂ ಇನ್ನೊಂದನ್ನು ಮಾಡಲೂ ಇಲ್ಲ.

ಜೇಬೆಸ್‌ನ ಕುದುರೆಗಳನ್ನು ಹರಾಜಿನಲ್ಲಿ ಬಿಷಪ್‌ನೆಕ್ ಹಿಡಿದ. ಮುಂದಿನ ಜನವರಿಯಲ್ಲಿ ಜೆಸ್ಸಿಯನ್ನು ಅಂಗಡಿ ಮುಂದೆ ತಂದು ನಿಲ್ಲಿಸಿದ. ಲವ್‌ಡೇ ಕೊರಳಮೆತ್ತೆ ಎತ್ತಿದಳು. ನೊಣ ಎದ್ದವು. ಬಲ ಹೆಗಲು ಕೆಂಪಗೆ ಬಿರಿದಿತ್ತು.

"ಬಲಗಡೆ ಇನ್ನೂ ಸ್ವಲ್ಪ ಹುಲ್ಲು ತುಂಬು," ಅಂದ ಮುದುಕ. "ನಾಳೆ ಬೆಳಿಗ್ಗೆ ಹೂಡ್ಬೇಕು."

ಅವಳು ಹೊಲಿಗೆ ಬಿಚ್ಚಿದಳು. ಹುಲ್ಲು ತುಂಬಿದಳು. ಗಟ್ಟಿಯಾಗಿ ಹೊಲಿದಳು.